ಏರಿ ಯಾವ ಕಡೆಗಿದೆ

ವಿಮಾನ ಹಾರಿಸುವವರನ್ನು ಜನ ಕೇಳುವ ಪ್ರಶ್ನೆಗಳು ಹೆಚ್ಚಿಲ್ಲ. ಎಂಜಿನ್ನು ನಿಂತರೆ ಏನು ಮಾಡುತ್ತೀರಿ, ಮೇಲೆ ಚಳಿಯಾಗುತ್ತದೆಯೇ, ಹೆದರಿಕೆ ಇಲ್ಲವೇ. ಇವಕ್ಕೆಲ್ಲ ನಾನು ಮೊದಲ ತಿಂಗಳಲ್ಲೇ ಚಿಕ್ಕ ಉತ್ತರಗಳನ್ನು ಕಂಡುಕೊಂಡಿದ್ದೆ. ಬೇರೆ ರೀತಿಯ ಪ್ರಶ್ನೆ ಕೇಳಿದವರು ಶ್ರೀನಿವಾಸಪುರದ ಮನೆಯಲ್ಲಿ ನನ್ನನ್ನು ಬೆಳೆಸಿದ ಸೋದರತ್ತೆ ಒಬ್ಬರೇ.

"ಅಲ್ಲ ಕಣೇ, ಮೇಲೆ ಮೈಲಿಗಲ್ಲಿಲ್ಲ. ಕೇಳೋಣ ಅಂದ್ರೆ ಎದುರಿಗೆ ಬರೋರು ಇಲ್ಲ. ದಾರಿ ಹೆಂಗೆ ಗೊತ್ತಾಗುತ್ತೆ?"

"ನಕ್ಷೆ ಇದೆಯಲ್ಲ, ಅತ್ತೆ" ಅಂದೆ. ಆಗ ಅಷ್ಟೇ ಸಾಕು ಅನ್ನಿಸಿತ್ತು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಭೌತಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಬೆಂಗಳೂರಿನಲ್ಲಿ ಹುಡುಗಿಯರ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಬೆಳಗಿನ ಹೊತ್ತು, ಶಾಲೆಗೆ ಮುಂಚೆ, ಊರಾಚೆಯ ಮೈದಾನಕ್ಕೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಅಲ್ಲಿ ತಗಡಿನ ಒಂದು ಷೆಡ್ಡು, ಎರಡು ವಿಮಾನ, ನೋಡಿಕೊಳ್ಳಲು ಒಬ್ಬ ಮೇಸ್ತ್ರಿ. ವಿಮಾನ ಎಂದರೆ ಎರಡು ಜೊತೆ ರೆಕ್ಕೆಯ, ಬಟ್ಟೆ ಹೊದಿಸಿದ, ಮೇಲೆ ಚಾವಣಿ ಇಲ್ಲದ ಚಿಕ್ಕ ಯಂತ್ರ. ಮುಂದೊಂದು ಕುಳಿ, ಹಿಂದೊಂದು ಕುಳಿ. ಹಾರಿಸುವವರು ಹಿಂದೆ ಕೂರಬೇಕು, ಜೊತೆಗೆ ಬಂದವರು ಮುಂದೆ. ಹದಿನಾಲ್ಕು ತಿಂಗಳಲ್ಲಿ ನನಗೆ ಲೈಸೆನ್ಸು ಸಿಕ್ಕಿತು. ಮನೆಗೆ ತಿಳಿಸಿದ್ದು ಸಿಕ್ಕ ಮೇಲೆ. ಮೊದಲೇ ತಿಳಿಸಬಹುದಿತ್ತು. ತಿಳಿಸಲಿಲ್ಲ.

ಅಪ್ಪ ಕಾಗದ ಬರೆಯದೆ ತಾವೇ ಬಂದರು. ಅವರು ಸರ್ವೆ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ನೆಲವನ್ನು ಕಬ್ಬಿಣದ ಸರಪಣಿ ಹಿಡಿದು ಅಳೆದವರು. ಹಳ್ಳಿಗಳಲ್ಲಿ ಅವರಿಗೆ 'ಸರಪಣಿ ಅಯ್ಯನೋರು' ಎಂದೇ ಹೆಸರು. ನಾನು ಆರೇಳು ವರ್ಷದವಳಿದ್ದಾಗ ಒಂದೆರಡು ಸಲ ನನ್ನನ್ನೂ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದರು. ದೂರದ ಬದುವಿನ ಮೇಲೆ ಒಬ್ಬ ಬಾವುಟದ ಕಂಬ ಹಿಡಿದು ನಿಂತಿರುತ್ತಿದ್ದ. ಕೂಗಿದರೆ ಕೇಳುವಷ್ಟು ಹತ್ತಿರವಲ್ಲ. ಅಪ್ಪ ಬಲಗೈ ಚಾಚಿದರೆ ಅವನು ಬಲಕ್ಕೆ ಸರಿಯಬೇಕು, ಎಡಗೈ ಚಾಚಿದರೆ ಎಡಕ್ಕೆ. ಕೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ ಒಂದೇ ಸಲಕ್ಕೆ ಕೆಳಗಿಳಿಸಿದರೆ, ಸರಿ, ಅಲ್ಲೇ ನೆಡು ಎಂದು ಅರ್ಥ. ಆ ಸನ್ನೆ ಬರುವವರೆಗೆ ಬಿಸಿಲಿರಲಿ ಮಳೆಯಿರಲಿ ಅವನು ಕಂಬ ಊರುವಂತಿರಲಿಲ್ಲ.

ಅಪ್ಪ ಲೈಸೆನ್ಸನ್ನು ಎರಡೂ ಕಡೆ ಓದಿ ಮಡಿಸಿ ಕೊಟ್ಟರು. ಕೋಪ ಕಾಣಲಿಲ್ಲ. ಕಂಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ನಾನು ಒಂದು ಸಲ ಕೂತು ನೋಡ್ತೀನಿ. ಎಲ್ಲೆಲ್ಲಿ ಹೋಗೋದು ಅಂತ ಮೊದಲೇ ಬರೆದು ಕೊಡು. ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಕರಕೊಂಡು ಹೋದರೆ ಮುಂದೆ ನಾನು ಬಾಯಿ ಹಾಕೋದಿಲ್ಲ. ದಾರಿ ತಪ್ಪಿದೆಯೋ, ಅಲ್ಲಿಗೆ ಮುಗೀತು. ಆ ಲೈಸೆನ್ಸು ನನ್ನ ಕೈಗೆ ಕೊಟ್ಟುಬಿಡಬೇಕು."

ಒಪ್ಪಿದೆ. ಬೇರೆ ದಾರಿ ಇರಲಿಲ್ಲ. ಅವರು ಬೇಡವೆಂದ ಕೆಲಸವನ್ನು ನಾನು ಎಂದೂ ಮಾಡಿದವಳಲ್ಲ. ಹಾಗೆಯೇ, ಇದನ್ನು ಬಿಟ್ಟು ಬದುಕುವುದು ಹೇಗೆಂದು ಆ ಹೊತ್ತಿಗೆ ನನಗೆ ಗೊತ್ತಿರಲಿಲ್ಲ. ಈ ಎರಡನೆಯ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ.

ದಾರಿ ಬರೆದು ಕೊಟ್ಟೆ. ಬೆಂಗಳೂರಿನಿಂದ ರೈಲು ಹಳಿಯ ಜೊತೆಗೆ ಮಾಲೂರು. ಅಲ್ಲಿಂದ ಕೋಲಾರ, ಮುಳಬಾಗಿಲು. ಮುಳಬಾಗಿಲ ಬೆಟ್ಟದ ಮೇಲೆ ವಾಯವ್ಯಕ್ಕೆ ತಿರುಗಿ ಹದಿನಾಲ್ಕು ನಿಮಿಷಕ್ಕೆ ಶ್ರೀನಿವಾಸಪುರ. ಅತ್ತೆ ಮಾಳಿಗೆಯ ಮೇಲೆ ಬಿಳಿ ಪಂಚೆ ಹರಡಿ ಕಾಯುತ್ತಾರೆ, ನಮ್ಮ ಮನೆಯ ಮೇಲೆ ಒಂದು ಸುತ್ತು. ಆಮೇಲೆ ದಕ್ಷಿಣಕ್ಕೆ ತಿರುಗಿ ಕೋಲಾರದ ಮೈದಾನದಲ್ಲಿ ಇಳಿಯುವುದು. ಅಲ್ಲಿ ಪೆಟ್ರೋಲು ತುಂಬಿಕೊಂಡು ಸಂಜೆ ಬೆಂಗಳೂರು. ಇದೇ ದಾರಿಯಲ್ಲಿ, ನನಗೆ ಹಾರುವುದನ್ನು ಕಲಿಸಿದ ಶಿಕ್ಷಕರ ಜೊತೆಗೆ, ಕಾರ್ತಿಕ ಮಾಸದಲ್ಲಿ ಒಮ್ಮೆ ಹಾರಿದ್ದೆ. ಆಗ ಇಡೀ ಸೀಮೆ ಕೆರೆಗಳಿಂದ ಹೊಳೆಯುತ್ತಿತ್ತು. ಒಂದೊಂದು ಕೆರೆಯ ಆಕಾರವನ್ನೂ ನಕ್ಷೆಯ ನೀಲಿ ಗುರುತಿಗೆ ಹೋಲಿಸಿ ಪೆನ್ಸಿಲಿನಲ್ಲಿ ಸಂಖ್ಯೆ ಹಾಕಿಕೊಂಡಿದ್ದೆ.

ಅಪ್ಪನನ್ನು ಕರೆದುಕೊಂಡು ಹೊರಟದ್ದು ಚೈತ್ರದಲ್ಲಿ.

ಮೈದಾನದಲ್ಲಿ ಮೇಸ್ತ್ರಿ ಚರ್ಮದ ಟೋಪಿ ಹಿಡಿದು ಅಪ್ಪನ ರುಮಾಲನ್ನೇ ನೋಡಿದರು. ಅವರು ಮುಳಬಾಗಿಲಿನವರು, ಮನೆಮಾತು ದಖನಿ ಉರ್ದು. ಮಾತಿನಲ್ಲಿ ಯಾರಿಗೂ ಸೋಲುವವರಲ್ಲ.

"ರುಮಾಲು ತೆಗೀಬೇಕು ಸ್ವಾಮಿ. ಇಲ್ದಿದ್ರೆ ನೀವು ಕೋಲಾರದಲ್ಲಿ ಇಳೀತೀರಿ, ಅದು ಮದರಾಸಲ್ಲಿ ಇಳಿಯುತ್ತೆ."

ಅಪ್ಪ ನಗಲಿಲ್ಲ. ರುಮಾಲು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಕೋಟಿನ ಒಳಗಿಟ್ಟುಕೊಂಡರು. ಮನೆಯ ಹೊರಗೆ ಅವರ ಬರಿದಲೆಯನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಬೇರೆ ಕಡೆ ನೋಡಿದೆ.

"ಗಟ್ಟಿಯಾಗಿದೆ ತಾನೆ?" ಎಂದು ರೆಕ್ಕೆಯ ತಂತಿ ಮುಟ್ಟಿ ಕೇಳಿದರು.

"ಭಗವಂತ ಕಾಪಾಡ್ತಾನೆ ಸ್ವಾಮಿ. ಆದ್ರೆ ಆ ಮಾತು ನಾನು ಹೇಳೋದು ನಟ್ಟು ಬಿಗಿ ಮಾಡಿದ್ಮೇಲೆ."

ಅಪ್ಪನ ಸೊಂಟಕ್ಕೆ ಪಟ್ಟಿ ಬಿಗಿದು, ಅವರ ಟೋಪಿಯಿಂದ ನನ್ನ ಕುಳಿಗೆ ಬರುವ ರಬ್ಬರಿನ ಮಾತುಕೊಳವೆಯನ್ನು ಜೋಡಿಸಿದೆ. ಎಂಜಿನ್ನಿನ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದು ಅದರಿಂದ ಮಾತ್ರ. ಅವರ ತಲೆಯ ಮೇಲೆ, ರೆಕ್ಕೆಯ ನಡುವೆ, ಪೆಟ್ರೋಲಿನ ತೊಟ್ಟಿ. ಅದರಡಿಯ ಗಾಜಿನ ಅಳತೆಗೊಳವೆ ಏನೆಂದು ಕೇಳಿದರು, ಹೇಳಿದೆ. ಆಮೇಲೆ ಎಲ್ಲರಿಗೂ ಹೇಳುವ ಎಚ್ಚರಿಕೆಯನ್ನೇ, ಸ್ವಲ್ಪ ಹೆಚ್ಚು ಬಿರುಸಾಗಿ, ಅವರಿಗೂ ಹೇಳಿದೆ.

"ಏನನ್ನೂ ಮುಟ್ಟಬೇಡಿ, ಅಪ್ಪ. ನಾನು ಕೇಳುವವರೆಗೆ ಕೊಳವೆಯಲ್ಲಿ ಮಾತಾಡಬೇಡಿ. ನನ್ನ ಗಮನ ತಪ್ಪುತ್ತೆ."

"ಕೇಳಿದರೆ ಮಾತ್ರ" ಅಂದರು. ಮಾತು ಕೊಟ್ಟ ಹಾಗೆ ಇತ್ತು.

ಮುಳಬಾಗಿಲವರೆಗೆ ನಾನು ಬರೆದು ಕೊಟ್ಟದ್ದಕ್ಕೂ ಗಡಿಯಾರಕ್ಕೂ ಒಂದು ನಿಮಿಷದ ವ್ಯತ್ಯಾಸವೂ ಬರಲಿಲ್ಲ. ಮಾಲೂರಿನ ಹತ್ತಿರ ಇಟ್ಟಿಗೆ ಗೂಡಿನ ಹೊಗೆ ಉತ್ತರಕ್ಕೆ ವಾಲಿತ್ತು. ಗಾಳಿ ದಕ್ಷಿಣದಿಂದ ಬೀಸುತ್ತಿದೆ ಎಂದು ಕಂಡುಕೊಂಡೆ, ಆದರೆ ಎಷ್ಟು ಜೋರಾಗಿ ಎಂದು ಲೆಕ್ಕ ಹಾಕಲಿಲ್ಲ. ಕೋಲಾರದ ಬೆಟ್ಟಗಳು ಎಡಕ್ಕೆ ಬಂದು ಹಿಂದೆ ಸರಿದವು. ಮುಳಬಾಗಿಲ ಬಂಡೆಯ ನೆತ್ತಿಯ ಮೇಲೆ ವಾಯವ್ಯಕ್ಕೆ ತಿರುಗಿ, ಮಂಡಿಯ ಮೇಲಿನ ನಕ್ಷೆಯಲ್ಲಿ ಕೆರೆ ಒಂದನೆಯದರ ಮೇಲೆ ಬೆರಳಿಟ್ಟುಕೊಂಡೆ.

ಕೆರೆ ಬರಲಿಲ್ಲ.

ಬಂದಿತ್ತು. ಅದರಲ್ಲಿ ನೀರಿರಲಿಲ್ಲ. ನೀರಿಲ್ಲದ ಕೆರೆಯೂ ಉತ್ತ ಹೊಲವೂ ಮೇಲಿನಿಂದ ಒಂದೇ ಬಣ್ಣ. ಕಾರ್ತಿಕದಲ್ಲಿ ನಾನು ಬಾಯಿಪಾಠ ಮಾಡಿಕೊಂಡ ಆಕಾರಗಳೆಲ್ಲ ನೀರಿನ ಆಕಾರಗಳು. ನಕ್ಷೆ ವರ್ಷವಿಡೀ ನೀಲಿಯಾಗಿರುತ್ತದೆ, ಕೆರೆ ಇರುವುದಿಲ್ಲ. ಕೆರೆಗಳ ಸೀಮೆಯಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಬತ್ತಿದ ಕೆರೆಯಲ್ಲೇ ಆಡಿ ಬೆಳೆದವಳಿಗೆ ಇದು ಹೊಳೆಯಲಿಲ್ಲವೆಂದರೆ ಈಗಲೂ ನಾಚಿಕೆಯಾಗುತ್ತದೆ. ಅದೂ ಅಲ್ಲದೆ ಬಿತ್ತನೆಗೆ ಮುಂಚೆ ಬದುಗಳ ಮುಳ್ಳುಕಂಟಿ ಸುಡುತ್ತಿದ್ದ ಹೊಗೆ. ನೇರ ಕೆಳಗೆ ನೋಡಿದರೆ ಎಲ್ಲ ಕಾಣುತ್ತಿತ್ತು, ಎರಡು ಮೈಲಿ ಆಚೆ ಏನೂ ಇಲ್ಲ.

ಹದಿನಾಲ್ಕು ನಿಮಿಷ ಆಯಿತು. ಊರಿಲ್ಲ. ಇನ್ನು ಮೂರು ನಿಮಿಷ ನೋಡೋಣ ಅಂದುಕೊಂಡೆ. ಐದು ನೋಡಿದೆ. ಕೋಲಾರದಿಂದ ಬರುವ ರೈಲು ಹಳಿ ಅಡ್ಡ ಸಿಗಬೇಕಾಗಿತ್ತು. ಚಿಕ್ಕ ರೈಲು, ದಾರದೆಳೆಯಂಥ ಹಳಿ. ಹೊಗೆಯಲ್ಲಿ ಗೊತ್ತಾಗದೆ ದಾಟಿಬಿಟ್ಟಿದ್ದೇನೆ, ಊರು ಬಲಕ್ಕೆ ಉಳಿದಿದೆ ಎಂದು ತರ್ಕ ಮಾಡಿ ಬಲಕ್ಕೆ ತಿರುಗಿದೆ. ತರ್ಕ ಸರಿಯಾಗಿಯೇ ಇತ್ತು. ಅದು ನಿಂತ ನೆಲ ಸುಳ್ಳು. ಗಾಳಿ ನನ್ನನ್ನು ಉತ್ತರಕ್ಕೆ ತಳ್ಳಿತ್ತು, ಹಳಿಯನ್ನು ನಾನು ಮುಟ್ಟಿಯೇ ಇರಲಿಲ್ಲ. ಬಲಕ್ಕೆ ತಿರುಗಿದ ಮೇಲೆ ಕ್ಷಣ ಕ್ಷಣಕ್ಕೂ ಊರಿಂದ ದೂರ ಹೋಗುತ್ತಿದ್ದೆ.

ಮಾವಿನ ತೋಪುಗಳು ಬಂದವು, ಕಪ್ಪಗೆ, ಸಾಲು ಸಾಲು. ಶ್ರೀನಿವಾಸಪುರದ ಸುತ್ತ ಮಾವಿನ ತೋಪುಗಳಿವೆ, ಸದ್ಯ ಬಂದೆವು ಅಂದುಕೊಂಡೆ. ತೋಪು ಮುಗಿಯಿತು, ಊರು ಬರಲಿಲ್ಲ. ಮತ್ತೆ ತಿರುಗಿದೆ. ಒಂದು ಹಳ್ಳಿ ಸುತ್ತಿದೆ, ಗುರುತು ಹತ್ತಲಿಲ್ಲ. ಇನ್ನೊಂದು ಕೆರೆಯಂಗಳ, ಮತ್ತೊಂದು. ಅಳತೆಗೊಳವೆಯಲ್ಲಿ ಪೆಟ್ರೋಲು ಅರ್ಧಕ್ಕಿಂತ ಕೆಳಗಿತ್ತು. ಇನ್ನೊಮ್ಮೆ ನೋಡಿದಾಗ ಕಾಲು ಭಾಗ.

ಆ ಹೊತ್ತಿನಲ್ಲಿ ನನಗೆ ಕಾಣುತ್ತಿದ್ದದ್ದು ಅಪ್ಪನ ಹಿಂದಲೆ ಮಾತ್ರ. ಒಂದೊಂದು ಕೆರೆಯ ಮೇಲೂ ಆ ಚರ್ಮದ ಟೋಪಿ ಬಗ್ಗಿ ನೋಡುತ್ತಿತ್ತು, ಮತ್ತೆ ನೆಟ್ಟಗಾಗುತ್ತಿತ್ತು. ಮೊದಲ ಸಲ ಹಾರುವವರು ಹಾಗೆಯೇ, ನೋಡಿ ಸಂತೋಷಪಡುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಆ ತಲೆ ನಿಧಾನವಾಗಿ ಮೇಲೆದ್ದು ಅಳತೆಗೊಳವೆಯನ್ನು ನೋಡಿತು. ಬಹಳ ಹೊತ್ತು ನೋಡಿತು. ತಿರುಗಿ ನನ್ನ ಕಡೆ ಮಾತ್ರ ನೋಡಲಿಲ್ಲ.

ಮಾತುಕೊಳವೆ ನನ್ನ ಬಾಯಿಗೆ ಒಂದು ಗೇಣು ದೂರದಲ್ಲಿತ್ತು. ಮೂವತ್ತು ವರ್ಷ ಈ ನೆಲ ನಡೆದವರು ನನ್ನ ಮುಂದೆ ಕೂತಿದ್ದರು. ಒಂದು ಮಾತು ಕೇಳಿದರೆ ಸಾಕಿತ್ತು. ಆದರೆ ಕೇಳುವುದೆಂದರೆ ದಾರಿ ತಪ್ಪಿದೆ ಎಂದು ಒಪ್ಪುವುದು. ಒಪ್ಪಿದರೆ ಇದೇ ನನ್ನ ಕೊನೆಯ ಹಾರಾಟ. ಮುಂದಿನ ಕೆರೆ ಗುರುತಿಗೆ ಸಿಕ್ಕಬಹುದು ಅನ್ನಿಸಿತು. ಸಿಗಲಿಲ್ಲ. ಅದರ ಮುಂದಿನದು ಸಿಕ್ಕಬಹುದು. ಹೀಗೆ ನಾಲ್ಕು ಕೆರೆ ದಾಟಿದೆ. ಹಾರುವುದನ್ನು ಉಳಿಸಿಕೊಳ್ಳುವುದಕ್ಕೆ ಇಬ್ಬರ ಪ್ರಾಣವನ್ನು ಒತ್ತೆ ಇಡುತ್ತಿದ್ದೇನೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಗಾಜಿನಲ್ಲಿ ಬೆರಳಗಲ ಉಳಿದಾಗ ಎಂಜಿನ್ನು ಒಮ್ಮೆ ಕೆಮ್ಮಿದ ಹಾಗಾಯಿತು. ನಿಜವಾಗಿ ಕೆಮ್ಮಿತೋ ನನ್ನ ಕಿವಿಗೆ ಹಾಗೆ ಕೇಳಿಸಿತೋ ತಿಳಿಯದು. ಕೊಳವೆ ಎತ್ತಿಕೊಂಡೆ.

"ಅಪ್ಪ."

"ಹೂಂ." ತಕ್ಷಣ.

"ನನಗೆ ದಾರಿ ತಪ್ಪಿದೆ. ಇದು ಯಾವ ಕಡೆ?"

"ಏರಿ ಯಾವ ಕಡೆಗಿದೆ ನೋಡು."

ಅರ್ಥವಾಗಲಿಲ್ಲ. ಅವರು ಪಾಠ ಹೇಳುವ ಹಾಗೆ, ಅವಸರವಿಲ್ಲದೆ ಹೇಳಿದರು. "ಕೆರೆ ಏರಿ ಕಟ್ಟೋದು ನೀರು ಇಳಿಯೋ ಕಡೆಗೆ. ನಮ್ಮ ಸೀಮೆ ನೀರು ಪಾಲಾರಿಗೆ ಹೋಗುತ್ತೆ, ಏರಿಗಳು ತೆಂಕಲಿಗೆ. ಇಲ್ಲಿ ನೋಡು, ಎಲ್ಲಾ ಬಡಗಲಿಗಿದೆ. ಇದು ಕಡಪ ಕಡೆ ಇಳಿಯೋ ನೀರು. ನಾವು ದಿಣ್ಣೆ ದಾಟಿ ಬಂದಿದ್ದೀವಿ. ಕೆಳಗಿರೋದು ಗೌನಿಪಲ್ಲಿ ಹೋಬಳಿ."

ಕೆಳಗೆ ನೋಡಿದೆ. ಬತ್ತಿದ ಕೆರೆಯಲ್ಲಿ ನೀರಿನ ಆಕಾರ ಹೋಗಿರುತ್ತದೆ, ಏರಿ ಎಲ್ಲಿಗೆ ಹೋಗುತ್ತದೆ? ಬಿಲ್ಲಿನ ಹಾಗೆ ಬಾಗಿದ ಮಣ್ಣಿನ ಗೆರೆ, ಅದರ ಮೇಲೆ ಮರಗಳ ಸಾಲು, ತುದಿಯಲ್ಲಿ ಹೆಚ್ಚಿನ ನೀರು ಹೊರಗೆ ಹರಿಯುವ ಕೋಡಿ. ಒಂದರ ಕೋಡಿ ಹಳ್ಳವಾಗಿ ಇನ್ನೊಂದು ಕೆರೆಗೆ, ಅದರದ್ದು ಮತ್ತೊಂದಕ್ಕೆ. ಅರ್ಧ ಗಂಟೆಯಿಂದ ಇವುಗಳ ಮೇಲೆಯೇ ಸುತ್ತುತ್ತಿದ್ದೆ. ಎಲ್ಲ ಏರಿಗಳೂ ಉತ್ತರಕ್ಕೆ ಬೆನ್ನು ಮಾಡಿ ನಿಂತಿದ್ದವು.

"ಏರಿ ಹಿಂದೆ ಹಾಕಿಕೊಂಡು ಹೋದರೆ ಊರು" ಎಂದು ಮುಗಿಸಿದರು.

ಊರಿಗೆ ಎಂಟು ನಿಮಿಷವೋ ಹತ್ತೋ. ಬೆರಳಗಲದ ಪೆಟ್ರೋಲು ಅಷ್ಟು ಹೊತ್ತು ಬರಬಹುದು, ಬರದೆಯೂ ಇರಬಹುದು. ತೊಟ್ಟಿಯ ತಳದಲ್ಲಿ ಆ ಗಾಜನ್ನು ನಂಬಬೇಡಿ ಎಂದು ಮೇಸ್ತ್ರಿ ಯಾವಾಗಲೂ ಹೇಳುತ್ತಿದ್ದರು. ಎಂಜಿನ್ನು ನಿಂತ ಮೇಲೆ ಜಾಗ ಹುಡುಕುವುದಕ್ಕಿಂತ ಓಡುತ್ತಿರುವಾಗ ಹುಡುಕುವುದು ಮೇಲು. ಇನ್ನೊಂದು ಸಲ ಕೇಳಬೇಕಾಯಿತು. ಎರಡನೆಯ ಸಲ ಕೇಳುವುದು ಅಷ್ಟು ಕಷ್ಟವಾಗಲಿಲ್ಲ.

"ಊರಿನವರೆಗೆ ಸಾಲುತ್ತೆ ಅನ್ನೋ ಭರವಸೆ ಇಲ್ಲ, ಅಪ್ಪ. ಇಲ್ಲೇ ಇಳೀಬೇಕು. ಮುಂದಿನ ಕೆರೆಯಂಗಳದಲ್ಲಿ, ಏರಿಯ ಕೆಳಗೆ ಬಯಲು ಸಮವಾಗಿದೆ."

"ಅಲ್ಲಿ ಬೇಡ!" ಅವರ ದನಿ ಮೊದಲ ಸಲ ಏರಿತು. "ಏರಿ ಬುಡದಲ್ಲಿ ನೀರು ಕಡೆಗೆ ಬತ್ತೋದು. ಮೇಲೆ ಹೆಪ್ಪು ಕಟ್ಟಿರುತ್ತೆ, ಒಳಗೆ ಕೆಸರು. ನೀರು ಒಳಗೆ ಬರೋ ಕಡೆಗೆ ಹೋಗು, ಆ ಕೊನೇಗೆ. ಅಲ್ಲಿ ಮರಳು ನೆಲ, ಸಂಕ್ರಾಂತಿಗೇ ಒಣಗಿರುತ್ತೆ."

ಆ ಕೊನೆಯಲ್ಲಿ ನೆಲ ಒರಟಾಗಿತ್ತು, ಚಿಕ್ಕದಾಗಿತ್ತು, ಅಂಚಿನಲ್ಲಿ ಜಾಲಿಮರಗಳಿದ್ದವು. ಏರಿಯ ಬುಡದ ನೆಲ ಹಾಸಿದ ಜಮಖಾನದ ಹಾಗಿತ್ತು. ನಡುವೆ ಕೆರೆಯ ಗೋಡುಮಣ್ಣು ತುಂಬಿಕೊಳ್ಳಲು ಬಂದ ಗಾಡಿಗಳು. ನಾನು ಕಲಿತದ್ದೆಲ್ಲ ಸಮವಾದ ನೆಲದ ಕಡೆಗೆ ಎಳೆಯುತ್ತಿತ್ತು. ಒಂದು ಸುತ್ತು ಬಂದು, ಗಾಳಿಗೆ ಎದುರಾಗಿ ಏರಿಯ ಮರಗಳ ಮೇಲೆ ಇಳಿಯತೊಡಗಿದೆ. ಆ ಚೆಂದದ ನೆಲ ಚಕ್ರದ ಕೆಳಗೇ ಬಂತು. ಕೈ ಎಂಜಿನ್ನನ್ನು ತಗ್ಗಿಸಲು ಹೋಯಿತು. ತಗ್ಗಿಸಲಿಲ್ಲ. ಗಾಡಿಗಳ ಮೇಲೆ ಹಾದೆ; ಎತ್ತುಗಳು ನೊಗ ಎಳೆದುಕೊಂಡು ದಿಕ್ಕಾಪಾಲಾದದ್ದು ಕಂಡಿತು. ಆಮೇಲೆ ತಗ್ಗಿಸಿದೆ. ಚಕ್ರ ಮುಟ್ಟಿತು, ಪುಟಿಯಿತು, ಮತ್ತೆ ಮುಟ್ಟಿತು. ಆ ವಿಮಾನಕ್ಕೆ ಬ್ರೇಕಿರಲಿಲ್ಲ. ಜಾಲಿಮರಗಳು ಎದುರಿಗೆ ದೊಡ್ಡದಾಗುತ್ತ ಬಂದವು. ಕೊನೆಗೆ ಮರಳು ಹಿಡಿದು ನಿಲ್ಲಿಸಿತು. ಮರಕ್ಕೂ ನಮಗೂ ಎರಡು ಗಾಡಿಯಷ್ಟು ಅಂತರ.

ಎಂಜಿನ್ನು ನಿಲ್ಲಿಸಿದೆ. ಮೌನ ಎಷ್ಟು ದೊಡ್ಡದಿತ್ತೆಂದರೆ ದೂರದಲ್ಲಿ ಯಾರೋ ಎತ್ತಿಗೆ "ಹೋ, ಹೋ" ಅನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು.

ಗಾಡಿಯವರು ಗುದ್ದಲಿ ಹಿಡಿದೇ ಓಡಿ ಬಂದರು. ನಾನು ಟೋಪಿ ತೆಗೆದೆ, ಜಡೆ ಬಿತ್ತು.

"ಒರೇಯ್, ಆಡಮನಿಷಿ ರಾ!" ಎಂದು ಒಬ್ಬ ತೆಲುಗಿನಲ್ಲಿ ಕೂಗಿದ.

"ಹೆಂಗಸಾದ್ರೆ ಏನ್ಲಾ, ನನ್ನ ಎತ್ತು ಓಡ್ಹೋದ್ವು. ಯಾರು ಹಿಡ್ಕೊಡ್ತಾರೆ?" ಎಂದು ಮತ್ತೊಬ್ಬ.

ಅವರ ಹಿಂದೆ ಬಂದ ಮುದುಕರೊಬ್ಬರು ಅಪ್ಪನನ್ನೇ ದಿಟ್ಟಿಸಿ ನೋಡಿ, ಕೈಮುಗಿದು, ನಕ್ಕರು. "ಸರಪಣಿ ಅಯ್ಯನೋರಲ್ವೇ! ಆಗ ಸರಪಣಿ ಹಿಡ್ಕೊಂಡು ಬಂದ್ರಿ, ಈಗ ರೆಕ್ಕೆ ಕಟ್ಕೊಂಡು ಬಂದ್ರಾ? ಇನ್ಮೇಲೆ ಆಕಾಶದಿಂದ್ಲೇ ಅಳೀತೀರಾ ಸ್ವಾಮಿ?"

"ಇಲ್ಲಪ್ಪ. ನನ್ನ ಮಗಳು. ದಾರಿ ತಪ್ಪಿ ಇಳಿದಿದ್ದೀವಿ."

ದಾರಿ ತಪ್ಪಿ ಎಂಬ ಮಾತನ್ನು ಅಷ್ಟು ಜನರ ಎದುರಿಗೆ ಅಷ್ಟು ಸಾಧಾರಣವಾಗಿ ಆಡಿದರು. ನನಗೆ ಕಿವಿ ಬಿಸಿಯಾಯಿತು.

ಮುದುಕರು ನಾವು ಬಂದ ದಾರಿಯನ್ನು ನೋಡಿದರು. "ಪುಣ್ಯ, ಏರಿ ಬುಡದಲ್ಲಿ ಇಳೀಲಿಲ್ಲ" ಎಂದು ನನ್ನನ್ನು ಕರೆದುಕೊಂಡು ಹೋಗಿ, ಆ ಜಮಖಾನದಂಥ ನೆಲದ ಅಂಚಿನಲ್ಲಿ ನಿಂತು, ಕೈಯಲ್ಲಿದ್ದ ಕಬ್ಬಿಣದ ಹಾರೆಯನ್ನು ಎತ್ತಿ ಬಿಟ್ಟರು. ಹೆಪ್ಪು ಒಡೆಯಿತು. ಹಾರೆ ಮೊಳಕ್ಕಿಂತ ಹೆಚ್ಚು ಒಳಗೆ ಹೋಗಿ ನಿಂತಿತು. "ಹೋದ ವರ್ಷ ಒಂದು ಎಮ್ಮೆ ಹಿಂಗೇ ಸಿಕ್ಕೊಂಡಿತ್ತಮ್ಮ. ಹತ್ತು ಜನ ಎಳೆದ್ವಿ." ಚಕ್ರ ಹೂತು ವಿಮಾನ ಮೂಗಿನ ಮೇಲೆ ಮಗುಚಿದರೆ ಮೊದಲು ನೆಲಕ್ಕೆ ಬಡಿಯುವುದು ಮುಂದಿನ ಕುಳಿ. ಅಲ್ಲಿಂದ ಹಿಂದಿರುಗುವಾಗ ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೆ.

ಅಪ್ಪ ಅಷ್ಟರಲ್ಲಿ ಒಂದು ಚೀಟಿ ಬರೆದು, ಸೈಕಲ್ಲಿದ್ದ ಒಬ್ಬನನ್ನು ರಸ್ತೆಗೆ ಕಳಿಸಿದ್ದರು. ಶ್ರೀನಿವಾಸಪುರಕ್ಕೆ ಹೋಗುವ ಬಸ್ಸಿನವನು ಹಿಂದಿರುಗುವಾಗ ಎರಡು ಡಬ್ಬ ಪೆಟ್ರೋಲು ತರಬೇಕು, ನಮ್ಮ ಮನೆಗೆ ಸುದ್ದಿ ಮುಟ್ಟಿಸಬೇಕು. ರೆಕ್ಕೆಯ ನೆರಳಿನಲ್ಲಿ ಇಬ್ಬರೇ ಕೂತೆವು. ಗಾಡಿಯವರು ಎತ್ತು ಹುಡುಕಲು ಹೋಗಿದ್ದರು.

"ನಿಮಗೆ ಯಾವಾಗಿನಿಂದ ಗೊತ್ತಿತ್ತು?" ಎಂದು ಕೇಳಿದೆ.

"ಏರಿ ದಿಕ್ಕು ಬದಲಾದಾಗಿನಿಂದ."

"ಹೇಳಬಹುದಿತ್ತು."

"ಕೇಳಿದರೆ ಮಾತ್ರ ಅಂದಿದ್ದೆ. ಇನ್ನೊಂದು ಕೆರೆ ನೋಡಿ ಹೇಳೋನಿದ್ದೆ. ನಿನಗೆ ಯಾವಾಗ ಗೊತ್ತಾಯಿತು?"

"ಐದು ನಿಮಿಷ ಹೆಚ್ಚಾದಾಗಲೇ."

"ಆಮೇಲೂ ಅರ್ಧ ಗಂಟೆ ಸುತ್ತಿದೆ. ನಾನು ಎದುರಿಗೇ ಕೂತಿದ್ದೆ. ಯಾಕೆ ಕೇಳಲಿಲ್ಲ?"

ಸುಳ್ಳು ಹೇಳಲು ಒಂದೆರಡು ಕಾರಣ ಸಿದ್ಧವಿದ್ದವು. ಹೊಗೆ, ಎಂಜಿನ್ನಿನ ಸದ್ದು.

"ಕೇಳಿದರೆ ನೀವು ನಿಲ್ಲಿಸಿಬಿಡ್ತೀರಿ ಅಂತ."

ಅಪ್ಪ ಮರಳಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದರು, ಅಳಿಸಿದರು. ಚೀಲದಿಂದ ಲೈಸೆನ್ಸು ತೆಗೆದು ಅವರ ಮುಂದಿಟ್ಟೆ. ಒಪ್ಪಂದ ಹಾಗೆಯೇ ಇತ್ತು. ಅವರು ಅದನ್ನು ಎತ್ತಿಕೊಳ್ಳಲೂ ಇಲ್ಲ, ಹಿಂದಕ್ಕೆ ಕೊಡಲೂ ಇಲ್ಲ. ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಕಲ್ಲಿಟ್ಟರು. ಬಸ್ಸು ಬರುವವರೆಗೆ ಅದು ನಮ್ಮಿಬ್ಬರ ನಡುವೆ ಹಾಗೆಯೇ ಇತ್ತು.

ಬಸ್ಸು ಬಂದದ್ದು ಮಧ್ಯಾಹ್ನ ಒಂದಕ್ಕೆ. ಮೋಟಾರಿನ ಪೆಟ್ರೋಲು, ಡಬ್ಬದ ಒಳಗೆ ತುಕ್ಕು. ಸೋಸದೆ ಸುರಿಯುವಂತಿಲ್ಲ. ಸೋಸುವ ಚರ್ಮ ಬೆಂಗಳೂರಿನ ಷೆಡ್ಡಿನಲ್ಲಿತ್ತು. ನನ್ನ ಕರವಸ್ತ್ರ ತೆಗೆದು ನೋಡಿದೆ, ಅಂಗೈಯಗಲ.

"ಇದಾದೀತೆ?" ಎಂದು ಅಪ್ಪ ಕೋಟಿನೊಳಗಿಂದ ರುಮಾಲು ತೆಗೆದರು.

ಹಳ್ಳಿಯ ಅಷ್ಟೂ ಜನ ನೋಡುತ್ತಿದ್ದರು. ಬೇಡ ಅನ್ನಬೇಕು ಅನ್ನಿಸಿತು. ಅವರೇ ನಾಲ್ಕು ಮಡಿಕೆ ಹಾಗೆಯೇ ಇಟ್ಟು, ರೆಕ್ಕೆಯ ಮೇಲೆ ಹತ್ತಿದ ನನ್ನ ಕೈಗೆ ಕೊಟ್ಟರು. ಅಂಚಿನ ಜರಿ ಪೆಟ್ರೋಲಿನಲ್ಲಿ ನೆನೆದು ಕಪ್ಪಾಯಿತು. ಪದರದೊಳಗೆ ತುಕ್ಕು ಉಳಿಯಿತು.

ಮೇಲಿನಿಂದ ಇಳಿದು ನೆಲವನ್ನು ಹೆಜ್ಜೆಯಲ್ಲಿ ಅಳೆದೆ. ಒಂದು ಸಲ, ಮತ್ತೆ ಒಂದು ಸಲ. ಬಿಸಿಲಿಗೆ ಗಾಳಿ ಹಗುರವಾಗಿರುತ್ತದೆ, ಮರಳು ಚಕ್ರ ಹಿಡಿಯುತ್ತದೆ, ಎದುರಿಗೆ ಜಾಲಿಮರ. ಅಪ್ಪನ ಹತ್ತಿರ ಹೋಗಿ ನಿಂತೆ.

"ನಿಮ್ಮನ್ನು ಕೂರಿಸಿಕೊಳ್ಳೋದಿಲ್ಲ, ಅಪ್ಪ."

"ಯಾಕೆ?"

"ಇಬ್ಬರ ಭಾರಕ್ಕೆ ಈ ನೆಲ ಸಾಲದು. ಒಬ್ಬಳಾದರೆ, ಬಿಸಿಲು ಇಳಿದ ಮೇಲೆ, ಆಗುತ್ತೆ."

"ಖಂಡಿತವೋ?"

"ಅಳೆದಿದ್ದೀನಿ."

"ಎಷ್ಟು ಸಲ?"

"ಎರಡು ಸಲ."

ಅವರು ತಲೆ ಆಡಿಸಿದರು. ಕಲ್ಲೆತ್ತಿ ಲೈಸೆನ್ಸನ್ನು ತೆಗೆದುಕೊಂಡರು, ಮಣ್ಣು ಕೊಡವಿದರು, ಕೋಟಿನ ಒಳಜೇಬಿಗೆ ಇಟ್ಟುಕೊಂಡರು. ನನಗೆ ನೆಲ ಒಂದು ಅಂಗುಲ ಕುಸಿದ ಹಾಗಾಯಿತು. ಆಮೇಲೆ ನನ್ನ ನಕ್ಷೆ ಕೇಳಿದರು. ಪೆನ್ಸಿಲಿನಿಂದ ಗೌನಿಪಲ್ಲಿಯಿಂದ ಶ್ರೀನಿವಾಸಪುರಕ್ಕೆ, ಅಲ್ಲಿಂದ ಹೋಳೂರು ದಾಟಿ ಕೋಲಾರಕ್ಕೆ, ಒಂದೊಂದು ಕೆರೆಯ ನೀಲಿಯ ಪಕ್ಕದಲ್ಲೂ ಏರಿಯ ಕಡೆಗೆ ಒಂದು ಸಣ್ಣ ಬಾಣದ ಗುರುತು ಹಾಕಿದರು. ಯಾವ ಕೆರೆಗೂ ಯೋಚಿಸಲಿಲ್ಲ.

"ನಾನು ಬಸ್ಸಿನಲ್ಲಿ ಮೊದಲು ಹೋಗ್ತೀನಿ. ಮುಂದಿನ ಕುಳಿ ಖಾಲಿ ನೋಡಿದರೆ ನಿನ್ನ ಅತ್ತೆ ಪ್ರಾಣ ಬಿಡ್ತಾಳೆ. ನಾನು ಮನೆ ಸೇರೋವರೆಗೆ ಹೊರಡಬೇಡ. ನಾಲ್ಕೂವರೆ."

ಲೈಸೆನ್ಸಿನ ಮಾತು ಅವರು ಎತ್ತಲಿಲ್ಲ. ನಾನೂ ಕೇಳಲಿಲ್ಲ. ಬರಿದಲೆಯಲ್ಲಿ, ಏರಿಯ ಮೇಲೆ ನಡೆದು, ಬಸ್ಸಿನ ರಸ್ತೆಯ ಕಡೆ ಹೋದರು.

ನಾಲ್ಕೂವರೆಗೆ ಮುದುಕರೂ ಗಾಡಿಯವರೂ ಬಾಲಕ್ಕೆ ಗಾಡಿಯ ಹಗ್ಗ ಕಟ್ಟಿ ಹಿಡಿದರು, ಚಕ್ರಕ್ಕೆ ಕಲ್ಲು ಕೊಟ್ಟರು. ಪ್ರೊಪೆಲರನ್ನು ನಾನೇ ತಿರುಗಿಸಿದೆ. ಮೇಸ್ತ್ರಿ ಎಲ್ಲಕ್ಕಿಂತ ಮೊದಲು ಕಲಿಸಿದ್ದ ಕೆಲಸ. ಕಲ್ಲು ತೆಗೆಸಿ ಹತ್ತಿ ಕೂತು ಕೈಯೆತ್ತಿದೆ, ಹಗ್ಗ ಬಿಟ್ಟರು. ಮರಳು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ನಾನು ಅಳೆದು ಗುರುತಿಟ್ಟಿದ್ದ ಕಲ್ಲು ಪಕ್ಕದಲ್ಲಿ ಹೋದಾಗ ಚಕ್ರ ಇನ್ನೂ ನೆಲದ ಮೇಲೇ ಇತ್ತು. ಅದರ ಆಚೆ ಐದು ಗಜಕ್ಕೆ ಎದ್ದಿತು. ಜಾಲಿಯ ಒಂದು ಕೊಂಬೆ ಕೆಳಗೆಲ್ಲೋ ಸವರಿದ ಸದ್ದಾಯಿತು. ಇಬ್ಬರಿದ್ದಿದ್ದರೆ ಏಳುತ್ತಿರಲಿಲ್ಲ.

ಏರಿಗಳನ್ನು ಹಿಂದೆ ಹಾಕಿಕೊಂಡು ಹಾರಿದೆ. ಒಂದು, ಎರಡು, ಮೂರು. ಬಾಣದ ಗುರುತು ನೋಡುವುದು, ಕೆಳಗೆ ನೋಡುವುದು. ನೀರಿಲ್ಲದ ಕೆರೆಗಳು ಈಗ ಒಂದೊಂದಾಗಿ ಗುರುತು ಹೇಳಿದವು. ಆಮೇಲೆ ಯಾವ ಕಡೆಗೂ ಇಳಿಯದ ಒಂದು ದಿಣ್ಣೆ, ಅದರಾಚೆಗೆ ಏರಿ ತೆಂಕಲಿಗಿದ್ದ ಮೊದಲ ಕೆರೆ, ದಾರದೆಳೆಯಂಥ ರೈಲು ಹಳಿ, ಊರು.

ಮಾಳಿಗೆಯ ಮೇಲೆ ಬಿಳಿ ಪಂಚೆ ಬೆಳಗಿನಿಂದ ಹಾಗೆಯೇ ಇತ್ತು. ಪಕ್ಕದಲ್ಲಿ ಇಬ್ಬರು. ಕೆಂಪು ಸೀರೆಯಲ್ಲಿ ಅತ್ತೆ, ಎರಡೂ ಕೈ ತಲೆಯ ಮೇಲೆ. ಅವರ ಪಕ್ಕ ಬರಿದಲೆಯ ಅಪ್ಪ. ಸಾಧ್ಯವಾದಷ್ಟು ಕೆಳಗೆ ಇಳಿದು ಸುತ್ತು ಹಾಕಿದೆ. ಅಪ್ಪ ಕೈ ಬೀಸಲಿಲ್ಲ. ಅವರ ಬಲಗೈಯಲ್ಲಿ ಮಡಿಸಿದ ಒಂದು ಕಾಗದವಿತ್ತು. ಆ ಕೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿ, ನಾನು ನೋಡಿದೆನೆಂದು ಖಾತರಿಯಾಗುವವರೆಗೆ ಹಾಗೆಯೇ ಹಿಡಿದು, ಒಂದೇ ಸಲಕ್ಕೆ ಕೆಳಗಿಳಿಸಿದರು.

ಬಾವುಟದ ಕಂಬ ಹಿಡಿದವನು ಇಷ್ಟಕ್ಕಾಗಿ ಬಿಸಿಲಿನಲ್ಲಿ ಎಷ್ಟು ಹೊತ್ತು ಬೇಕಾದರೂ ಯಾಕೆ ಕಾಯುತ್ತಿದ್ದನೆಂದು ಆಗ ತಿಳಿಯಿತು.

ರೆಕ್ಕೆಯನ್ನು ಒಮ್ಮೆ ಅಲ್ಲಾಡಿಸಿ ಕೋಲಾರದ ಕಡೆಗೆ ತಿರುಗಿದೆ. ಕಾಲಿನ ಹತ್ತಿರ ಒದ್ದೆ ರುಮಾಲು ಪೆಟ್ರೋಲಿನ ವಾಸನೆ ಬೀರುತ್ತಿತ್ತು. ಕೆಳಗೆ ಕೆರೆಗಳು ಬಂದವು. ಒಂದೊಂದರ ಮೇಲೂ, ಗುರುತು ಸಿಕ್ಕಿದ್ದರೂ, ಏರಿ ಯಾವ ಕಡೆಗಿದೆ ಎಂದು ಬಗ್ಗಿ ನೋಡಿಕೊಂಡೇ ಮುಂದೆ ಹೋದೆ.